ಅಕ್ಕಸಾಲಿಗ ಕವಿ ಅಖೋ

ಗುಜರಾತಿನ ಭಕ್ತಕವಿ ಎಂದೊಡನೆ ನಮ್ಮ ಕಡೆ ನೆನಪಾಗುವುದು ನರಸಿಂಹ ಮೆಹ್ತಾ. ಹದಿನೇಳನೆಯ ಶತಮಾನದ ಅಖೋ ಭಗತನ ಹೆಸರನ್ನು ಕಾರವಾರದಲ್ಲಿ ಯಾರೂ ಎತ್ತಿದ್ದನ್ನು ನಾನು ಕೇಳಿಲ್ಲ. ಆದರೆ ತಲೆಮಾರುಗಳಿಂದ ಚಿನ್ನದ ಕೆಲಸವನ್ನೇ ನಂಬಿ ಬಾಳಿದ ಈ ಕರಾವಳಿಯ ದೈವಜ್ಞ ಮನೆಗಳಿಗೆ, ಅಂಥದೊಂದು ಮನೆಯಲ್ಲಿ ಹುಟ್ಟಿದ ನನಗೆ, ಅವನಷ್ಟು ಹತ್ತಿರದ ಕವಿ ಇನ್ನೊಬ್ಬನಿಲ್ಲ. ಅಖೋ ಸೊನಗಾರನಾಗಿದ್ದ.

ಜೇತಲಪುರದಿಂದ ಅಹಮದಾಬಾದಿಗೆ ಬಂದ ಅವನು ಖಾಡಿಯಾದ ದೇಸಾಯಿ ಪೋಳದಲ್ಲಿ, ಅಂದರೆ ಆ ಹೆಸರಿನ ಹಳೆಯ ಕೇರಿಯಲ್ಲಿ, ನೆಲೆಸಿದ. ಅವನಿದ್ದ ಕೋಣೆಯನ್ನು ಅಲ್ಲಿನವರು ಈಗಲೂ ‘ಅಖಾ ನೋ ಓರಡೋ’ ಎನ್ನುತ್ತಾರೆ. ಅವನು ಟಂಕಸಾಲೆಯಲ್ಲೂ ಕೆಲಸ ಮಾಡಿದ್ದನೆಂದೂ ಬೆರಕೆಯ ಸುಳ್ಳು ಆರೋಪ ಹೊತ್ತನೆಂದೂ ಐತಿಹ್ಯವಿದೆ. ಅದಕ್ಕಿಂತ ಹೆಚ್ಚು ಪ್ರಸಿದ್ಧವಾದದ್ದು ಕಂಠಿಯ ಕಥೆ. ತಂಗಿಯೆಂದೇ ಭಾವಿಸಿದ್ದ ಹೆಂಗಸೊಬ್ಬಳು ತನ್ನ ಹಣವನ್ನು ಅವನ ಬಳಿ ಇಟ್ಟಿದ್ದು, ಮುಂದೆ ಅದರಲ್ಲೇ ಕೊರಳಿಗೊಂದು ಕಂಠಿ ಮಾಡಿಕೊಡೆಂದಳಂತೆ. ಅಖೋ ಪ್ರೀತಿಯಿಂದ ತನ್ನದೂ ಒಂದಿಷ್ಟು ಚಿನ್ನ ಸೇರಿಸಿ ಮಾಡಿಕೊಟ್ಟ. ಅವಳಿಗೆ ಸಂಶಯ ಬಂತು. ಬೇರೊಬ್ಬ ಅಕ್ಕಸಾಲಿಗನ ಬಳಿ ಕತ್ತರಿಸಿ ನೋಡಿಸಿದಳು. ಚಿನ್ನ ಅಪ್ಪಟವಾಗಿತ್ತು. ಆ ಕತ್ತರಿಸಿದ ಜಾಗವನ್ನು ಸರಿಮಾಡಿಸಲು ಅವಳು ಅಖೋನ ಬಳಿಗೇ ಬರಬೇಕಾಯಿತು.

ಈ ಕಥೆ ಅಕ್ಕಸಾಲಿಗರ ಮನೆಯವರನ್ನು ತಟ್ಟುವ ಬಗೆಯೇ ಬೇರೆ. ಒರೆಗಲ್ಲಿನ ಮೇಲೆ ಬಿದ್ದ ಗೆರೆ ಒಡವೆಯ ಹೊರಮೈಯ ಚಿನ್ನವನ್ನಷ್ಟೇ ತೋರಿಸುತ್ತದೆ. ಒಳಗೆ ಬೇರೆ ಲೋಹ ತುಂಬಿ ಮೇಲೆ ಚಿನ್ನ ಹೊದಿಸಿದ್ದರೆ ಅದನ್ನು ತಿಳಿಯಲು ಒಡವೆಯನ್ನು ಗಾಯಗೊಳಿಸಲೇಬೇಕು. ಬೆಸುಗೆಗೆಂದು ಒಂದಿಷ್ಟು ಬೇರೆ ಲೋಹ ಸೇರಿಸದೆ ಈ ಕೆಲಸ ನಡೆಯುವುದೂ ಇಲ್ಲ, ಹಾಗಾಗಿ ಗಿರಾಕಿಯ ಸಂಶಯ ಪೂರ್ತಿ ಸಾಯುವುದೂ ಇಲ್ಲ. ಅಂಗಡಿಯ ಕಸದ ಧೂಳನ್ನು ತೊಳೆದು ಕಣ ಹುಡುಕುವ ಶ್ರದ್ಧೆಯನ್ನು ಕಂಡವರಿಗೂ ಅದು ಲೋಭದಂತೆಯೇ ತೋರಬಹುದು. ‘ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ’ ಎಂಬ ಗಾದೆಯನ್ನು ಕೇಳುತ್ತಲೇ ಬೆಳೆದ ನಮಗೆ, ತಂಗಿಯ ಚಿನ್ನಕ್ಕೆ ತನ್ನ ಚಿನ್ನವನ್ನು ಕೂಡಿಸಿದವನ ಈ ಕಥೆ ಎಷ್ಟು ಆಪ್ತವೆಂದು ಬಿಡಿಸಿ ಹೇಳಬೇಕಾಗಿಲ್ಲ.

ಆ ಸಂಶಯದಿಂದ ನೊಂದ ಅಖೋ ತನ್ನ ಹತಾರುಗಳನ್ನು ಬಾವಿಗೆಸೆದು ಮನೆ ಬಿಟ್ಟನಂತೆ. ಗೋಕುಲಕ್ಕೆ ಹೋಗಿ ಕೃಷ್ಣಭಕ್ತಿಯ ವಲ್ಲಭ ಸಂಪ್ರದಾಯದ ಗೋಕುಲನಾಥರಿಂದ ದೀಕ್ಷೆ ಪಡೆದ. ಅಲ್ಲಿಯೂ ಮನಸ್ಸು ನಿಲ್ಲಲಿಲ್ಲ. ಗೋಕುಲನಾಥರನ್ನು ಗುರುವಾಗಿ ಮಾಡಿಕೊಂಡದ್ದೆಂದರೆ ಮುದಿ ಎತ್ತಿಗೆ ಮೂಗುದಾರ ಹಾಕಿದಂತಾಯಿತು ಎಂದು ಅವನೇ ಹೇಳಿಕೊಂಡಿದ್ದಾನೆ. ಇಲ್ಲಿ ಮುದಿ ಎತ್ತು ಗುರುವಲ್ಲ, ತಾನೇ ಎಂಬುದನ್ನು ಗಮನಿಸಬೇಕು. ಮುಂದೆ ಕಾಶಿಯಲ್ಲಿ ಬ್ರಹ್ಮಾನಂದರ ವೇದಾಂತ ಪಾಠವನ್ನು ಕುಟೀರದ ಹೊರಗೆ ನಿಂತು ಕೇಳಿ ಅದ್ವೈತಿಯಾದನೆಂದು ಪರಂಪರೆ ಹೇಳುತ್ತದೆ.

ಅವನಿಗೆ ಹೆಸರು ತಂದದ್ದು ಛಪ್ಪಾಗಳು. ಒಂದೊಂದರಲ್ಲೂ ಆರು ಚರಣ. ಒಟ್ಟು ಏಳುನೂರಕ್ಕೂ ಹೆಚ್ಚು. ತಿಲಕವಿಡುತ್ತಲೇ ಐವತ್ತಮೂರು ವರ್ಷ ಕಳೆದು, ಜಪಮಾಲೆಯ ಮಣಿಗಳ ತೂತು ಸವೆದು, ತೀರ್ಥ ಸುತ್ತಿ ಕಾಲು ದಣಿದರೂ ಹರಿಯ ಆಶ್ರಯ ಸಿಗಲಿಲ್ಲ ಎಂಬ ಛಪ್ಪಾ ಗುಜರಾತಿನಲ್ಲಿ ಮನೆಮಾತು. ಕಲ್ಲು ಕಂಡಲ್ಲೆಲ್ಲ ದೇವರೆಂದು ಪೂಜಿಸುವ, ನೀರು ಕಂಡೊಡನೆ ಸ್ನಾನಕ್ಕಿಳಿಯುವ, ತುಳಸಿ ಕಂಡೊಡನೆ ಎಲೆ ಕೀಳುವ ಮೂಢನನ್ನೂ ಅವನು ಬಿಟ್ಟಿಲ್ಲ. ಅವನನ್ನು ವಿಡಂಬನಕಾರನೆಂದು ಕರೆದು ಸುಮ್ಮನಾಗುವುದು ನನಗೆ ಒಪ್ಪಿಗೆಯಿಲ್ಲ. ಲೋಕ ತನ್ನ ಚಿನ್ನವನ್ನು ಪರೀಕ್ಷಿಸಿದ ರೀತಿಯಲ್ಲೇ ಅವನು ಲೋಕದ ಭಕ್ತಿಯನ್ನು ಪರೀಕ್ಷಿಸಿದ. ಒರೆಗಲ್ಲಿಗಷ್ಟೇ ನಿಲ್ಲಿಸದೆ ಕತ್ತರಿಸಿಯೇ ನೋಡಿದ, ಮೊದಲು ತನ್ನನ್ನೇ ಕತ್ತರಿಸಿಕೊಂಡ. ದೇಹಾಭಿಮಾನ ಪಾವುಸೇರಿದ್ದದ್ದು ವಿದ್ಯೆ ಕಲಿತಾಗ ಸೇರಾಯಿತು, ಗುರುವಾದಾಗ ಮಣಕ್ಕೇರಿತು ಎಂದು ಅವನು ಅಹಂಕಾರವನ್ನು ತೂಗುವಾಗ, ದಿನವೂ ತಕ್ಕಡಿ ಹಿಡಿದ ಕೈ ಸ್ಪಷ್ಟವಾಗಿ ಕಾಣುತ್ತದೆ.

ಒಡವೆಯ ಆಕಾರ ಬೇರೆ ಬೇರೆಯಾದರೂ ಕೊನೆಗೆ ಚಿನ್ನ ಚಿನ್ನವೇ ಎಂದು ಹಾಡಿದವನು ನರಸಿಂಹ ಮೆಹ್ತಾ. ವೇದಾಂತಿಗಳಿಗೆ ಅದೊಂದು ದೃಷ್ಟಾಂತ. ಬಳೆ, ಸರ, ಉಂಗುರಗಳೆಲ್ಲ ಮೂಸೆಯಲ್ಲಿ ಕರಗಿ ಒಂದಾಗುವುದನ್ನು ಕುಲುಮೆಯೆದುರು ಕುಳಿತು ನೋಡಿದ ಅಖೋಗೆ ಅದ್ವೈತ ಕಣ್ಣೆದುರಿನ ಸಂಗತಿಯಾಗಿತ್ತೆಂದು ನಾನು ನಂಬುತ್ತೇನೆ. 1649ರ ‘ಅಖೇಗೀತಾ’ದ ನಲವತ್ತು ಕಡವಾಗಳಲ್ಲಿ (ಕಾವ್ಯದ ಅಧ್ಯಾಯಗಳಲ್ಲಿ) ಛಪ್ಪಾಗಳ ಕಟುತನದ ಜಾಗದಲ್ಲಿ ಜ್ಞಾನ, ಭಕ್ತಿ, ವೈರಾಗ್ಯಗಳ ನಿರೂಪಣೆಯಿದೆ. ಇದನ್ನೆಲ್ಲ ಅವನು ಬರೆದದ್ದು ಸಂಸ್ಕೃತದಲ್ಲಲ್ಲ. ಭಾಷೆಗೆ ಯಾಕೆ ಅಂಟಿಕೊಳ್ಳುತ್ತೀ ಮರುಳೇ, ರಣದಲ್ಲಿ ಗೆದ್ದವನೇ ಶೂರ ಎಂದು ಪಂಡಿತರಿಗೆ ಉತ್ತರ ಕೊಟ್ಟು, ಜನರ ಗುಜರಾತಿಯಲ್ಲಿ.

ಅಖೋನನ್ನು ಆಳವಾಗಿ ಅಧ್ಯಯನ ಮಾಡಿ ಆಧುನಿಕ ಓದುಗರ ಮುಂದಿಟ್ಟವರಲ್ಲಿ ಉಮಾಶಂಕರ ಜೋಶಿಯವರು ಪ್ರಮುಖರು. 1967ರ ಜ್ಞಾನಪೀಠವನ್ನು ಕುವೆಂಪು ಅವರೊಂದಿಗೆ ಹಂಚಿಕೊಂಡವರೂ ಅವರೇ. ವಚನಗಳನ್ನು ಓದಿ ಬೆಳೆದ ಕನ್ನಡಕ್ಕೆ ಈ ಛಪ್ಪಾಗಳು ಪರಕೀಯವೆನಿಸಲಾರವು. ಗುಜರಾತಿಯನ್ನೂ ಕನ್ನಡವನ್ನೂ ಬಲ್ಲವರು, ಚಿನ್ನದ ಕೆಲಸದ ಮಾತುಗಳನ್ನು ಬಲ್ಲ ನಮ್ಮ ಕರಾವಳಿಯ ಹಿರಿಯರನ್ನು ಜೊತೆಗೆ ಕೂರಿಸಿಕೊಂಡು, ಆಯ್ದ ನೂರು ಛಪ್ಪಾಗಳನ್ನಾದರೂ ಕನ್ನಡಕ್ಕೆ ತರಬೇಕೆಂಬುದು ನನ್ನ ಆಸೆ.