ಗಿಲಕಿ ನಂಬರ್ ಐದು: ಬಳೆಯ ಒಳಮೈ ಕೊನೆಗೂ ನುಣುಪಾಯ್ತು

ನಾನು ಮರದಲ್ಲಿ ಕಡೆದ ಹಿಂದಿನ ನಾಲ್ಕು ಗಿಲಕಿ ಹಂಡೆ ಒಲೆಗೆ ಹೋದವು. ಐದನೆಯದು ಇವತ್ತು ಅಕ್ಕನ ಮಗಳ ಕೈಯಲ್ಲಿದೆ. ಅವಳಿಗೆ ಈಗ ನಾಲ್ಕೂವರೆ ತಿಂಗಳು. ನಾನು ಶುರು ಮಾಡಿದಾಗ ಎರಡು ತಿಂಗಳಿತ್ತು. ನನ್ನ ಕೆಲಸದ ವೇಗ ಗೊತ್ತಾಯ್ತಲ್ಲ.

ಮರದ ತುಂಡನ್ನು ಗರಗರ ತಿರುಗಿಸುವ ಲೇತ್ ಯಂತ್ರಕ್ಕೆ ಕಟ್ಟಿ, ಉಳಿ ಕೊಟ್ಟು ದುಂಡು ಮಾಡಿದ್ದು, ಹಿಡಿ ತೆಗೆದದ್ದು ಮಾಮೂಲಿ, ಬಿಡಿ. ಹಿಡಿ 12 ಮಿ.ಮೀ. ದಪ್ಪ, ಒಟ್ಟು ತೂಕ 40 ಗ್ರಾಂ ಒಳಗೆ. ಮೊದಲನೆಯದು 90 ಗ್ರಾಂ ಇತ್ತು. ಆಗ ಮಗುವಿಗೆ ಮೂರು ತಿಂಗಳು. ಆ ವಯಸ್ಸಿಗೆ ಹಿಡಿಯುವುದು ಬರುತ್ತದೆ, ಬೇಕೆಂದಾಗ ಬಿಡುವುದು ಬರುವುದಿಲ್ಲ. ಕೈ ಆಡಿಸಿದಳು, ಸೀದಾ ಮೂಗಿಗೇ ಬಡಿಯಿತು. "ಲೋ, ಇದು ಗಿಲಕೀನಾ, ಲಟ್ಟಣಿಗೆನಾ?" ಅಂದಳು ಅಕ್ಕ.

ನಿಜವಾಗಿ ತಲೆ ತಿಂದದ್ದು ಬಳೆಗಳು. ಅಂಟು, ಕೀಲು ಯಾವುದೂ ಬೇಡ. ಒಂದೇ ತುಂಡಿನಲ್ಲಿ ಹಿಡಿ, ಅದರ ಸುತ್ತ ಎರಡು ಸಡಿಲ ಬಳೆ. ಎಡದಿಂದೊಮ್ಮೆ, ಬಲದಿಂದೊಮ್ಮೆ ಉಳಿ ಕೊಟ್ಟು ಅಡಿಯಲ್ಲಿ ಕೊರೆದರೆ ಬಳೆ ಕಳಚಿಕೊಂಡು ಹಿಡಿಯ ಮೇಲೆ ಕುಣಿಯುತ್ತದೆ. ಏನು ಖುಷಿ! ಆಮೇಲೆ ಒಳಗೆ ಬೆರಳಾಡಿಸಿ ನೋಡಿ. ಎರಡು ಕೊರೆತ ಸೇರಿದ ಕಡೆ ಕತ್ತಿಯಂಥ ಏಣು. ಹೊರಮೈಯನ್ನು ಕಳಚುವ ಮುಂಚೆಯೇ ಉಜ್ಜಬಹುದು. ಕಳಚಿದ ಮೇಲೆ ಬಳೆ ತಿರುಗುವುದೇ ಇಲ್ಲವಲ್ಲ, ಒಳಮೈ ಉಜ್ಜುವುದು ಹೇಗೆ? ಮಗು ಮೊದಲು ಬಾಯಿಗೆ ಹಾಕುವುದೂ ಬಳೆಯನ್ನೇ.

ಎರಡನೆಯದನ್ನು ಕೈಯಲ್ಲೇ ಉಜ್ಜಿದೆ. ಒಂದು ಬಳೆಗೆ ಒಂದು ಗಂಟೆ, ಆದರೂ ಸೊಟ್ಟ. ಮೂರನೆಯದರಲ್ಲಿ ಬಳೆಯ ದಪ್ಪವನ್ನೇ 5 ಮಿ.ಮೀ.ಗೆ ಇಳಿಸಿದೆ, ಏಣೂ ಸಣ್ಣದಾಗಲಿ ಅಂತ. ಮಂಚದ ಎತ್ತರದಿಂದ ಬೀಳಿಸಿದೆ, ಮೂರು ಹೋಳು. ಆಗಬೇಕಾದ್ದೇ. ಮರದ ಎಳೆ ಹಿಡಿಯುದ್ದಕ್ಕೂ ಓಡುತ್ತದೆ, ಬಳೆ ಅದಕ್ಕೆ ಅಡ್ಡ ಕೊಯ್ದ ಬಿಲ್ಲೆ, ಎಳೆಗುಂಟ ಸುಲಭಕ್ಕೆ ಸೀಳುತ್ತದೆ. ಚಿಕ್ಕ ಹೋಳನ್ನು 31.7 ಮಿ.ಮೀ. ಕೊಳವೆಗೆ ಹಾಕಿದೆ. ಮಕ್ಕಳ ಗಂಟಲಿಗೆ ಸಿಕ್ಕೀತಾ ಅಂತ ನೋಡಲು ಆಟಿಕೆ ಪರೀಕ್ಷೆ ಮಾಡುವವರು ಬಳಸುವ ಅಳತೆ ಅದು. ಹೋಳು ಪೂರ್ತಿ ಒಳಗೆ ಹೋಯ್ತು. ಅದೂ ಒಲೆಗೆ. ಈಗ ಬಳೆ 10 ಮಿ.ಮೀ. ದಪ್ಪ, ಇನ್ನು ಇಳಿಸುವುದಿಲ್ಲ.

ನಾಲ್ಕನೆಯದರಲ್ಲಿ ಜಾಸ್ತಿ ಜಾಣನಾದೆ. ಚನ್ನಪಟ್ಟಣದ ಬೊಂಬೆ ಮಾಡುವವರು ಲೇತ್‌ನಲ್ಲಿ ತಿರುಗುವ ಆಲೆ ಮರದ ತುಂಡಿಗೆ ಅರಗಿನ ಕಡ್ಡಿ ಒತ್ತುತ್ತಾರೆ, ಉಜ್ಜಿದ ಬಿಸಿಗೇ ಅರಗು ಕರಗಿ ಮೈಗೆ ಕೂರುತ್ತದೆ, ಮೇಲೆ ತಾಳೆಗರಿಯಲ್ಲಿ ಹೊಳಪು. ನಾನು ಹಿಡಿಗೆ ದಪ್ಪಗೆ ಅರಗು ಕೊಟ್ಟು, ಬಳೆಯನ್ನು ಅದಕ್ಕೆ ಒತ್ತಿ ಹಿಡಿದು ಲೇತ್ ಓಡಿಸಿದೆ. ಏಣು ಮುಚ್ಚಿಹೋಗುತ್ತದೆ ಅಂತ ಲೆಕ್ಕ. ಅರಗು ಕರಗಿತು, ಬಳೆಗೂ ಹತ್ತಿತು. ಲೇತ್ ನಿಲ್ಲಿಸಿ ಒಂದು ಫೋನ್ ಮಾತಾಡಿ ಬರುವಷ್ಟರಲ್ಲಿ ಬಳೆ ಹಿಡಿಗೆ ಅಂಟಿ ಕೂತಿತ್ತು. ಅಂಚೆ ಕಚೇರಿಯಲ್ಲಿ ರಿಟೈರ್ ಆದ ಅಪ್ಪ ನೋಡಿ, "ಮೂವತ್ತು ವರ್ಷ ಅರಗು ಹಾಕಿ ಚೀಲಕ್ಕೆ ಸೀಲ್ ಮಾಡಿದ್ದೀನಿ, ನನ್ನ ಕೇಳಬಾರದಿತ್ತಾ?" ಅಂದರು.

ಅರಗು ಮಾರಿದವನ ಪುರಾಣ ಬೇರೆ. ಅರಿಶಿನದ ಬಣ್ಣ ಅಂತ ಹೇಳಿ ಕಳಿಸಿದ ಕಡ್ಡಿ ಪೆಟ್ರೋಲ್ ಬಂಕ್ ಬೋರ್ಡಿನ ಹಾಗೆ ಹೊಳೆಯುತ್ತಿತ್ತು. ಕೆಂಪು ಹಚ್ಚಿದ್ದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಬಟ್ಟೆಯೇ ಕೆಂಪು. ಎರಡನ್ನೂ ಎತ್ತಿಟ್ಟೆ.

ದಾರಿ ಹೊಳೆದದ್ದು ಸ್ನಾನ ಮಾಡುವಾಗ. ಬಳೆ ತಿರುಗುವುದಿಲ್ಲ, ಸರಿ. ಹಿಡಿ ತಿರುಗುತ್ತದಲ್ಲ! ಹಿಡಿಯನ್ನು ಸ್ವಲ್ಪ ದಪ್ಪಗೇ ಬಿಟ್ಟು, ಎರಡೂ ಕಡೆ ಅಂಟುವ ಟೇಪ್ ಹಾಕಿ ಅದರ ಮೇಲೆ 120ರ ಉಪ್ಪು ಕಾಗದ ಸುತ್ತಿದೆ. ಲೇತ್ ನಿಧಾನಕ್ಕೆ ಬಿಟ್ಟು ಬಳೆಯನ್ನು ಎರಡು ಬೆರಳಲ್ಲಿ ಹಿಡಿದು ತಾಗಿಸಿದೆ. ಒಂದು ಸಲ ಕೈ ಜಾರಿ ಗೆಣ್ಣಿಗೆ ಬಡಿಯಿತು, ಎಚ್ಚರ. ಆಮೇಲೆ ಇನ್ನೂ ನುಣುಪಾದ 240, 400ರ ಕಾಗದ. ಹತ್ತು ನಿಮಿಷಕ್ಕೆ ಏಣು ಮಾಯ. ಬಳೆಗಳನ್ನು ಒಂದು ಕಡೆ ಸರಿಸಿ ಟೇಪ್ ಹಾಕಿ, ಹಿಡಿಯನ್ನು ಅಳತೆಗೆ ಇಳಿಸಿದೆ. ಅರಗು, ಬಣ್ಣ ಯಾವುದೂ ಇಲ್ಲ, ಬರೀ ಮರ. ಅಕ್ಕನಿಗೆ ಸಪ್ಪೆ ಅನಿಸಿತಂತೆ.

ಮಗು ಬಲಗೈಯಲ್ಲಿ ಹಿಡಿ ಹಿಡಿದಳು. ಎಡಗೈ ಎದೆಯ ಹತ್ತಿರ ತಡಕಾಡುತ್ತಾ ಬಂದು ಬಳೆಗೆ ಸಿಕ್ಕಿಕೊಂಡಿತು. ಟಕ್ ಟಕ್ ಅಂದಾಗ ಒಂದು ಗಳಿಗೆ ಸುಮ್ಮನಾದಳು, ಮತ್ತೆ ಎಳೆದಳು. ಈ ಕೈಯಿಂದ ಆ ಕೈಗೆ ದಾಟಿಸುವುದು ಆರು ತಿಂಗಳ ಹೊತ್ತಿಗೆ ಬಂದೀತು.

ಅಷ್ಟರಲ್ಲಿ ಮೂರು ಗಾಲಿಯ ತಳ್ಳುವ ಗಾಡಿ ಶುರು ಮಾಡಬೇಕು. ಮಗು ನಿಂತು ತಳ್ಳಿಕೊಂಡು ಹೋಗುವಂಥದ್ದು. ಒಳಗೆ ಕೂರಿಸುವ ವಾಕರ್ ಅಲ್ಲ, ಕೆನಡಾದಲ್ಲಿ 2004ರಿಂದ ಅದನ್ನು ಮಾರುವಂತೆಯೇ ಇಲ್ಲ. ಚಕ್ರಕ್ಕೆ ಒಣ ಮರ ಬೇಕು. ಹೋದ ಸಲ "ಒಣಗಿದೆ ಸಾರ್" ಅಂತ ಕೊಟ್ಟ ತುಂಡಿಗೆ ಉಳಿ ಇಟ್ಟರೆ ಕನ್ನಡಕಕ್ಕೆ ನೀರು ಸಿಡಿದಿತ್ತು. ನಿಮ್ಮ ಕಡೆ ಯಾರಾದರೂ ನಿಜವಾಗಿ ಒಣಗಿಸಿ ಮಾರುವವರಿದ್ದರೆ ಹೇಳಿ.