ಸಂಜೆಯಾದರೆ ಊದುವ ಕಾಲು

ಕಿಡ್ನಿ ತೊಂದರೆ ಶುರುವಾದಾಗಿನಿಂದ ಸಂಜೆ ಹೊತ್ತಿಗೆ ನನ್ನ ಪಾದ, ಕಣಕಾಲು ಊದಿಕೊಳ್ಳುತ್ತವೆ. ಹೆಬ್ಬೆರಳಿಂದ ಒತ್ತಿದರೆ ಗುಳಿ ಬಿದ್ದು, ಸುಮಾರು ಹೊತ್ತು ಹಾಗೇ ಇರುತ್ತದೆ. ಉಪ್ಪು ಜಾಸ್ತಿಯಾದರೆ ಮೈಯಲ್ಲಿ ನೀರು ನಿಲ್ಲುತ್ತದೆ, ಹಾಗಾಗಿ ಉಪ್ಪಿನಕಾಯಿ, ಹಪ್ಪಳ ಬಂದ್. ಬೆಳಿಗ್ಗೆ ಎದ್ದ ಕೂಡಲೇ ತೂಕ ನೋಡುತ್ತೇನೆ. ರಾತ್ರೋರಾತ್ರಿ ಒಂದು ಕೆಜಿ ಏರಿದರೆ ಅದು ನೀರೇ. ಮಲಗಿ, ಕಾಲ ಕೆಳಗೆ ದಿಂಬು ಪೇರಿಸಿಟ್ಟರೆ ಎಷ್ಟೋ ಹಗುರ.

ನಿನ್ನೆ ಕಾಲುಂಗುರ ಬೆರಳಿಗೆ ಕಚ್ಚಿಕೊಂಡಿತ್ತು. ಅತ್ತೆಯೇ ಸೋಪು ಹಚ್ಚಿ ಮೆಲ್ಲಗೆ ತೆಗೆದರು. "ಮೊದಲು ಕಾಲು ಸರಿಹೋಗ್ಲಿ ಕಣಮ್ಮ, ಆಮೇಲೆ ಹಾಕ್ಕೊಂಡ್ರಾಯ್ತು" ಅಂದರು. ಶಾಸ್ತ್ರ ಬಿಡದ ಅವರ ಬಾಯಲ್ಲಿ ಆ ಮಾತು ಕೇಳಿ ಕಣ್ಣು ತುಂಬಿತು. ಔಷಧಿಯಷ್ಟೇ ಇದೂ ಬೇಕು, ಅಲ್ವಾ?

ಒಂದೇ ಕಾಲು ದಿಢೀರನೆ ಊದಿ ನೋವು ಬಂದರೆ, ಇಲ್ಲವೇ ಉಸಿರಾಡೋಕೆ ಕಷ್ಟವಾದರೆ ಮನೆಯಲ್ಲಿ ಕೂರಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ.