ಮೂರನೇ ಸದ್ದು ಬರಲಿಲ್ಲ

ಬಾನೆಟ್ ಕೆಳಗೆ ಕೆಲಸ ಮಾಡುವಾಗ ಏನಾದರೂ ಕೈಜಾರಿದರೆ ಮೂರು ಸದ್ದು ಕೇಳಬೇಕು. ಟಣ್, ಟಕ್, ಕೊನೆಗೆ ನೆಲಕ್ಕೆ ಬಿದ್ದ ಠಣ್. ಇಂಜಿನ್ ಕೆಳಗೆ ಅಂಡರ್ ಕವರ್ ಇರುವ ಗಾಡಿಯಾದರೆ ಮೂರನೆಯದು ಪ್ಲಾಸ್ಟಿಕ್ ಮೇಲೆ ಬಿದ್ದ ಮಂದ ಸದ್ದು. ಅದು ಕೇಳಿಸಿತು ಅಂದರೆ ಚಿಂತೆಯಿಲ್ಲ, ವಸ್ತು ಎಲ್ಲಿದೆ ಅಂತ ಗೊತ್ತಾಯಿತು. ಅವತ್ತು ಎರಡೇ ಕೇಳಿಸಿತು.

ಕೆಲಸ ದೊಡ್ಡದೇನಲ್ಲ. ನಾಲ್ಕು ಸಿಲಿಂಡರ್ ಪೆಟ್ರೋಲ್ ಗಾಡಿ, ಮಿಸ್‌ಫೈರ್ ಕಂಪ್ಲೇಂಟ್, ಅಂದರೆ ಇಂಜಿನ್ ಮಿಸ್ ಹೊಡೆಯುತ್ತಿತ್ತು. ನಾಲ್ಕೂ ಪ್ಲಗ್ ಬದಲಾಯಿಸಿದ್ದೆ, ಪ್ಲಗ್‌ಗೆ ಕಿಡಿಯ ಕರೆಂಟ್ ಕೊಡುವ ಕಾಯಿಲ್‌ಗಳಲ್ಲಿ ಒಂದು ಹೊಸದು. ಕೊನೆಯ ಕಾಯಿಲ್‌ನ ಬೋಲ್ಟ್ ಬಿಗಿ ಮಾಡುವುದೊಂದು ಬಾಕಿ. ಹತ್ತು ಎಂಎಂ ಬೋಲ್ಟ್ ತಲೆಗೆ ಕೂರುವ ಹತ್ತರ ಸಾಕೆಟ್, ಅದನ್ನು ಸಿಕ್ಕಿಸುವ ಕಾಲು ಇಂಚು ದಪ್ಪದ ಎಕ್ಸ್‌ಟೆನ್ಷನ್, ತಿರುಗಿಸಲು ಚಿಕ್ಕ ರ‍್ಯಾಚೆಟ್. ಬೋಲ್ಟ್ ಬಿಗಿಯಾಯಿತು, ಕೈ ಹಿಂದಕ್ಕೆ ಎಳೆದೆ. ಎಕ್ಸ್‌ಟೆನ್ಷನ್ ಬಂತು, ಸಾಕೆಟ್ ಬರಲಿಲ್ಲ. ಬೋಲ್ಟಿನ ತಲೆ ಮೇಲೆ ಟೋಪಿ ಹಾಗೆ ಕೂತಿತ್ತು. ಎರಡು ಬೆರಳಲ್ಲಿ ಹಿಡಿದು ತೆಗೆಯೋಣ ಅಂತ ಹೋದೆ. ಗ್ಲೌಸ್‌ಗೆ ಆಯಿಲ್ ಮೆತ್ತಿತ್ತು. ಜಾರಿತು.

ಎಕ್ಸ್‌ಟೆನ್ಷನ್ ತುದಿಯಲ್ಲಿ ಸಾಕೆಟ್ ಹಿಡಿದುಕೊಳ್ಳುವ ಪುಟ್ಟ ಬಾಲ್ ಇರುತ್ತಲ್ಲ, ನಮ್ಮದರಲ್ಲಿ ಅದು ಸವೆದು ಒಳಗೇ ಕೂತುಬಿಟ್ಟಿದೆ. ಇದು ನನಗೆ ಎರಡು ತಿಂಗಳಿಂದ ಗೊತ್ತು. ಹೊಸದು ಬೇಕು ಅಂತ ಇಂಡೆಂಟ್ ಹಾಕಿದ್ದೆ. 'ಆಡಿಟ್ ಮುಗಿಯಲಿ' ಅಂದರು. ಆಡಿಟ್ ಮುಗಿಯಿತು, ಇಂಡೆಂಟ್ ಯಾವ ಫೈಲಿನಲ್ಲಿ ಮಲಗಿದೆಯೋ. ಅವರನ್ನು ಬೈಯುವುದು ಸುಲಭ ಬಿಡಿ. ತುದಿಗೆ ಒಂದು ಸುತ್ತು ಟೇಪ್ ಹಾಕಿದ್ದರೆ ಸಾಕೆಟ್ ಬಿಗಿಯಾಗಿ ಕೂರುತ್ತಿತ್ತು. ಟೇಪ್ ನನ್ನ ಟ್ರಾಲಿ ಮೇಲೇ ಇತ್ತು.

ಟಾರ್ಚ್ ಹಾಕಿ ನೋಡಿದೆ. ಕಾಣಿಸಿತು! ವೈರಿಂಗ್ ಪಕ್ಕದ ಬ್ರಾಕೆಟ್ ಮೇಲೆ, ಅಂಚಿನಲ್ಲಿ, ಮಲಗಿತ್ತು. ಕೈಗೆ ನಾಲ್ಕು ಬೆರಳು ದೂರ.

ಕಥೆ ಅಲ್ಲಿಗೇ ಮುಗಿಯಬೇಕಿತ್ತು. ಮ್ಯಾಗ್ನೆಟ್ ಕಡ್ಡಿ ವರ್ಕ್‌ಶಾಪ್‌ನ ಮೂರನೇ ಬೇಯಲ್ಲಿತ್ತು. ಹೋಗಿ ತರಲು ಇಪ್ಪತ್ತು ಹೆಜ್ಜೆ. ಆ ಇಪ್ಪತ್ತು ಹೆಜ್ಜೆ ಉಳಿಸೋಣ ಅಂತ ಉದ್ದದ ಸ್ಕ್ರೂಡ್ರೈವರ್ ತೆಗೆದುಕೊಂಡೆ. ತುದಿಯನ್ನು ಸಾಕೆಟ್ಟಿನ ತೂತಿಗೆ ತೂರಿಸಿ ಎತ್ತುವುದು ಅಂತ ಲೆಕ್ಕ. ಇಷ್ಟು ವರ್ಷ ಪಾನ ಹಿಡಿದ ಕೈ, ಇದೇನು ಮಹಾ! ಸ್ಕ್ರೂಡ್ರೈವರ್ ತಗುಲಿತು, ಸಾಕೆಟ್ ನಿಧಾನವಾಗಿ ಅರ್ಧ ಸುತ್ತು ಹೊರಳಿತು. ನಾನು ನೋಡುತ್ತಲೇ ಇದ್ದೆ. ಬ್ರಾಕೆಟ್ಟಿನ ಅಂಚು ದಾಟಿ, ಇಂಜಿನ್‌ಗೆ ಗಾಳಿ ಒಯ್ಯುವ ಇಂಟೇಕ್ ಮ್ಯಾನಿಫೋಲ್ಡ್ ಕೆಳಗಿನ ಕತ್ತಲೆಗೆ ಹೋಯಿತು. ಟಕ್. ಆಮೇಲೆ ಏನೂ ಇಲ್ಲ.

ಟೈಮ್ 4:10. ಡೆಲಿವರಿ 5ಕ್ಕೆ.

ಕಸ್ಟಮರ್ ಜೊತೆ ಮಾತಾಡುವ ಸರ್ವಿಸ್ ಅಡ್ವೈಸರ್ ಬಂದು ಜಾಬ್ ಕಾರ್ಡ್ ನೋಡಿದ, ನನ್ನ ಮುಖ ನೋಡಿದ. ವಿಷಯ ಹೇಳಿದೆ. "ಹತ್ತರ ಸಾಕೆಟ್ ತಾನೇ? ರೋಡಲ್ಲಿ ಎರಡು ಹಂಪ್ ಹಾರಿದರೆ ತಾನೇ ಬಿದ್ದು ಹೋಗುತ್ತೆ ಬಿಡಿ" ಅಂದ. ನಾಚಿಕೆ ಬಿಟ್ಟು ಹೇಳುತ್ತೇನೆ, ಒಂದು ನಿಮಿಷ ನನಗೂ ಅದು ಸರಿ ಅನಿಸಿತು. ಕಾಯಿಲ್ ಕನೆಕ್ಟರ್ ಹಾಕು, ಬಾನೆಟ್ ಮುಚ್ಚು, ಮುಗಿಯಿತು. ಆದರೆ ಅದು ಬೀಳುವುದು ರೋಡಿಗೇ ಅಂತ ಯಾರು ಹೇಳಿದರು? ಬೆಲ್ಟಿಗೆ ಸಿಕ್ಕಿದರೆ ಬೆಲ್ಟ್ ಹಾರುತ್ತೆ. ಫ್ಯಾನಿಗೆ ತಗುಲಿದರೆ ರೆಕ್ಕೆ ಮುರಿದು ರೇಡಿಯೇಟರ್ ಹಾಳು. ಸಿಲಿಂಡರ್ ಒಳಗೆ ಹೋಗುವ ಭಯ ಒಂದು ಇರಲಿಲ್ಲ, ಪ್ಲಗ್ ಎಲ್ಲಾ ಕೂತಾಗಿತ್ತು. ಇಂಜಿನ್ ಕೂಡ ತಣ್ಣಗಿತ್ತು. ಪುಣ್ಯ ಅಷ್ಟೇ.

"ಇಂಜಿನ್ ಸ್ಟಾರ್ಟ್ ಮಾಡಬೇಡಿ, ಕೀ ನನಗೆ ಕೊಡಿ" ಅಂತ ಹೇಳಿ ಕೀ ಜೇಬಿಗೆ ಹಾಕಿಕೊಂಡೆ. ಅವತ್ತು ನಾನು ಮಾಡಿದ ಒಳ್ಳೆ ಕೆಲಸ ಅದೊಂದೇ ಇರಬೇಕು. ಅಲ್ಲ, ಇನ್ನೊಂದಿದೆ. ನಮ್ಮ ಟ್ರೈನಿ ಹುಡುಗ ಏರ್ ಗನ್ ಹಿಡಿದುಕೊಂಡು ಓಡಿ ಬಂದ. ಗಾಳಿ ಹೊಡೆದರೆ ಸಾಕೆಟ್ ಹೊರಗೆ ಬರುವುದಿಲ್ಲ, ಇನ್ನೂ ಒಳಗೆ ಓಡುತ್ತೆ. ಅವನನ್ನು ತಡೆದೆ.

ಗಾಡಿ ಲಿಫ್ಟ್ ಮಾಡಿ ಅಂಡರ್ ಕವರ್ ಬಿಚ್ಚಿದೆವು. ಅವಸರಕ್ಕೆ ಎರಡು ಕ್ಲಿಪ್ ಮುರಿದವು. ಕವರ್ ಒಳಗೆ ಒಣಗಿದ ಎಲೆ, ಮಣ್ಣು, ಮತ್ತೆ ಒಂದು ಹನ್ನೆರಡರ ಬೋಲ್ಟ್. ಆ ಬೋಲ್ಟ್ ನನ್ನದಲ್ಲ. ಯಾರೋ ಹಿಂದೊಮ್ಮೆ ನನ್ನ ಹಾಗೇ ಬೀಳಿಸಿ, ಹಂಪ್ ಹಾರಲಿ ಅಂತ ಬಿಟ್ಟಿದ್ದಾರೆ. ಸಾಕೆಟ್ ಮಾತ್ರ ಇಲ್ಲ.

ವರ್ಕ್‌ಶಾಪ್‌ನಲ್ಲಿ ಕೇಬಲ್ ಕ್ಯಾಮೆರಾ ಇದೆ. ಇಂಥ ಸಂದುಗಳಲ್ಲಿ ಇಳಿಸಿ ನೋಡುವುದಕ್ಕೇ ತಂದದ್ದು. ಅದು ಮ್ಯಾನೇಜರ್ ಕಪಾಟಿನಲ್ಲಿ ಭದ್ರವಾಗಿದೆ. ಕಪಾಟಿನ ಕೀ ಮ್ಯಾನೇಜರ್ ಹತ್ತಿರ. ಮ್ಯಾನೇಜರ್ ರಜೆ. ಕಳೆದುಹೋಗಬಾರದು ಅಂತ ಬೀಗ ಹಾಕಿದ್ದಂತೆ. ನಿಜ, ಕಳೆದುಹೋಗಿಲ್ಲ.

ಸರಿ, ಮ್ಯಾಗ್ನೆಟ್ ಕಡ್ಡಿ ತಂದು ಮೇಲಿನಿಂದ ಇಳಿಸಿದೆ. ಕಣ್ಣಿಗೆ ಏನೂ ಕಾಣುತ್ತಿಲ್ಲ, ಕೈಯ ಅಂದಾಜಿನ ಮೇಲೆ. ಮ್ಯಾಗ್ನೆಟ್ಟಿಗೆ ಸಾಕೆಟ್ಟೇ ಬೇಕು ಅಂತ ಹಟ ಇಲ್ಲ. ಬ್ರಾಕೆಟ್ಟಿಗೆ ಅಂಟಿತು, ಬೋಲ್ಟಿಗೆ ಅಂಟಿತು, ಕ್ಲಾಂಪಿಗೆ ಅಂಟಿತು. ಪ್ರತಿ ಸಲ 'ಸಿಕ್ಕಿತು' ಅನಿಸುತ್ತೆ, ಎಳೆದರೆ ಖಾಲಿ. ಹುಡುಗ "ಅಣ್ಣ, ಬ್ಯಾಟರಿ..." ಅಂತ ಏನೋ ಅಂದ. "ಇರೋ ಸ್ವಲ್ಪ" ಅಂದೆ. ಕಡ್ಡಿಯನ್ನು ಇನ್ನೂ ನಾಲ್ಕು ಇಂಚು ಕೆಳಗೆ ತಳ್ಳಿ ಸ್ವಲ್ಪ ಓರೆ ಮಾಡಿದೆ.

ಚಟ್!

ನೀಲಿ ಬೆಳಕು, ಸುಟ್ಟ ವಾಸನೆ. ಕೈ ತಾನಾಗಿ ಹಿಂದಕ್ಕೆ ಹಾರಿತು, ಮೊಣಕೈ ಬಾನೆಟ್ ಸ್ಟ್ಯಾಂಡಿಗೆ ಬಡಿಯಿತು. ಆ ಗಾಡಿಯಲ್ಲಿ ಇಂಜಿನ್ ಸ್ಟಾರ್ಟ್ ಮಾಡುವ ಸೆಲ್ಫ್ ಮೋಟರ್ ಮ್ಯಾನಿಫೋಲ್ಡ್ ಕೆಳಗೇ ಇದೆ. ಬ್ಯಾಟರಿಯಿಂದ ನೇರ ಬಂದ ದಪ್ಪ ಕೇಬಲ್ ಅದರ ಮೇಲೆ ಕೂತಿರುತ್ತೆ. ಕೀ ಆಫ್ ಇದ್ದರೂ, ಕೀ ನನ್ನ ಜೇಬಲ್ಲೇ ಇದ್ದರೂ, ಅಲ್ಲಿ ಕರೆಂಟ್ ಇದ್ದೇ ಇರುತ್ತೆ. ಟರ್ಮಿನಲ್ ಮೇಲಿನ ರಬ್ಬರ್ ಟೋಪಿ ಸರಿದಿತ್ತು. ಕಡ್ಡಿಯ ತುದಿ ಟರ್ಮಿನಲ್‌ಗೆ, ನಡು ಇಂಜಿನ್ ಬ್ಲಾಕಿಗೆ. ಕ್ಷಣದಲ್ಲಿ ಬಿಡಿಸಿಕೊಂಡಿತು, ಬಚಾವ್. ಅಂಟಿಕೊಂಡಿದ್ದರೆ ಕೇಬಲ್ ಕಾದು ವೈರಿಂಗ್‌ಗೆ ಬೆಂಕಿ ಹತ್ತುವುದಕ್ಕೆ ಜಾಸ್ತಿ ಹೊತ್ತು ಬೇಕಿರಲಿಲ್ಲ. ಮೊದಲ ದಿನವೇ ಹುಡುಗರಿಗೆ ನಾನು ಹೇಳಿಕೊಡುವುದು, ಒಳಗೆ ಕಬ್ಬಿಣ ಇಳಿಸುವ ಮುಂಚೆ ಬ್ಯಾಟರಿಯ ನೆಗೆಟಿವ್ ಬಿಚ್ಚಿ ಅಂತ. ಯಾಕೆ ಬಿಚ್ಚಲಿಲ್ಲ? ಬಿಚ್ಚಿದರೆ ಗಡಿಯಾರ ಹೊಂದಿಸಬೇಕು, ಪವರ್ ವಿಂಡೋ ಮತ್ತೆ ಸೆಟ್ ಮಾಡಬೇಕು. ಐದು ನಿಮಿಷದ ಸೋಮಾರಿತನ.

ಹುಡುಗ ಏನೂ ಮಾತಾಡಲಿಲ್ಲ. ಅದೇ ಜಾಸ್ತಿ ಚುಚ್ಚಿತು.

ಈಗ ಬ್ಯಾಟರಿ ಬಿಚ್ಚಬೇಕು. ಟರ್ಮಿನಲ್ ನಟ್ಟಿಗೂ ಹತ್ತೇ ಬೇಕು! ಪಕ್ಕದ ಬೇಯಿಂದ ಹತ್ತರ ಪಾನ ಕಡ ತಂದೆ. ಅವನು ಕೊಡುವಾಗ "ವಾಪಸ್ ಬರುತ್ತಾ?" ಅಂತ ಕೇಳಿದ. ಕೇಳಬೇಕಾದ್ದೇ.

ಆಮೇಲಿನದೆಲ್ಲ ಹುಡುಗನ ಬುದ್ಧಿ. ಅವನು ಗಾಡಿ ಕೆಳಗೆ ನಿಂತು ಫೋನಿನ ಲೈಟ್ ಹಾಕಿ, ವಿಡಿಯೋ ಮಾಡುತ್ತಾ ಸಂದಿಗೆ ಕೈ ತೂರಿಸಿದ. ಮೂರನೇ ಸಲಕ್ಕೆ ವಿಡಿಯೋದಲ್ಲಿ ಏನೋ ಹೊಳೆಯಿತು. ಸೆಲ್ಫ್ ಮೋಟರ್ ಹಿಂದೆ, ಗೇರ್‌ಬಾಕ್ಸ್ ಮೇಲಿನ ಚಿಕ್ಕ ಗುಣಿಯಲ್ಲಿ ನಮ್ಮ ಸಾಕೆಟ್. ಕೆಳಗಿನಿಂದ ಬೆರಳು ಹೋಗುವುದಿಲ್ಲ. ಮ್ಯಾಗ್ನೆಟ್ ದಾರಿಯುದ್ದಕ್ಕೂ ಅಂಟುತ್ತಲ್ಲ, ಅದಕ್ಕೂ ಅವನೇ ಉಪಾಯ ಮಾಡಿದ. ಹೊಸ ಪ್ಲಗ್ ಬಂದ ರಟ್ಟಿನ ಡಬ್ಬಿ ಹರಿದು ಕಡ್ಡಿಯ ತಲೆಗೆ ಕೊಳವೆ ಹಾಗೆ ಸುತ್ತಿ ಟೇಪ್ ಹಾಕಿದ. ತುದಿ ಮಾತ್ರ ಬಿಚ್ಚಿತ್ತು. ಪಕ್ಕಕ್ಕೆ ಅಂಟುವುದು ನಿಂತಿತು.

ಗಾಡಿಯನ್ನು ಎದೆಮಟ್ಟಕ್ಕೆ ಇಳಿಸಿದೆವು. ನಾನು ಸ್ಟೂಲ್ ಹತ್ತಿ ಮೇಲಿನಿಂದ ಕಡ್ಡಿ ಬಿಟ್ಟೆ, ಅವನು ಕೆಳಗೆ ಬಗ್ಗಿ ಫೋನ್ ಹಿಡಿದ.

"ಎಡಕ್ಕೆ ಅಣ್ಣ."

ಸರಿಸಿದೆ.

"ನಿಮ್ಮ ಎಡ ಅಲ್ಲ, ನನ್ನ ಎಡ."

"ನಿನ್ನ ಎಡ ಯಾವುದೋ?"

"ಬ್ಯಾಟರಿ ಕಡೆ. ಹಾಂ. ಈಗ ಕೆಳಗೆ. ನಿಧಾನ. ನಿಧಾನ ಅಣ್ಣ."

ಟಿಕ್ ಅಂದಿತು. ಕೈಗೆ ಸಣ್ಣ ಭಾರ ಗೊತ್ತಾಯಿತು. ಉಸಿರು ಬಿಡದೆ ಎಳೆದೆ. ಮ್ಯಾನಿಫೋಲ್ಡ್ ಹತ್ತಿರ ಒಂದು ಸಲ ತಡೆಯಿತು, ಅಲ್ಲಿ ನಿಲ್ಲಿಸಿ, ಕಡ್ಡಿ ತಿರುಗಿಸಿ, ಮತ್ತೆ ಎಳೆದೆ. ಎಡಗೈಯನ್ನು ಬೊಗಸೆ ಮಾಡಿ ಕೆಳಗೆ ಹಿಡಿದುಕೊಂಡೇ ಇದ್ದೆ, ದೇವರ ತೀರ್ಥಕ್ಕೆ ಹಿಡಿದ ಹಾಗೆ. ಬಂತು.

ರಬ್ಬರ್ ಟೋಪಿ ಸರಿ ಕೂರಿಸಿ, ಕವರ್‌ಗೆ ಹೊಸ ಕ್ಲಿಪ್ ಹಾಕಿ, ಬ್ಯಾಟರಿ ಜೋಡಿಸಿ, ಸ್ಕ್ಯಾನರ್ ಹಾಕಿ ಫಾಲ್ಟ್ ಕೋಡ್ ಇಲ್ಲ ಅಂತ ನೋಡಿ, ಗಾಡಿ ಹೊರಗೆ ಬಿಡುವಾಗ 6:20. ಅಷ್ಟು ಹೊತ್ತೂ ಅಡ್ವೈಸರ್ ಕಸ್ಟಮರ್‌ಗೆ "ಕ್ವಾಲಿಟಿ ಚೆಕ್ ನಡೀತಿದೆ ಸರ್" ಅಂತ ಹೇಳುತ್ತಿದ್ದನಂತೆ. ಅವರು ಒಳಗೆ ಕೂತು ಕೀ ತಿರುಗಿಸಿದರು. ಡ್ಯಾಶ್‌ಬೋರ್ಡ್ ನೋಡಿದರು.

"ಟೈಮ್ 12:25 ತೋರಿಸ್ತಿದೆಯಲ್ಲ. ಬ್ಯಾಟರಿ ಬಿಚ್ಚಿದ್ರಾ?"

ಅಡ್ವೈಸರ್ ನನ್ನ ಕಡೆ ನೋಡಿದ. ಗಡಿಯಾರ ಹೊಂದಿಸುವುದನ್ನು ಮರೆತಿದ್ದೆ. ಸುಮ್ನೆ ಸುತ್ತಿ ಬಳಸಿ ಯಾಕೆ ಅಂತ ಎಲ್ಲ ಹೇಳಿಬಿಟ್ಟೆ, ಆ ಕಿಡಿಯನ್ನೂ ಸೇರಿಸಿ. ಅವರು ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. "ಸಾಕೆಟ್ ಸಿಕ್ತಾ?" ಅಂದರು. ಜೇಬಿನಿಂದ ತೆಗೆದು ತೋರಿಸಿದೆ.

ಮರುದಿನ ಇಂಡೆಂಟ್ ಮತ್ತೆ ಬರೆದೆ. ಎಕ್ಸ್‌ಟೆನ್ಷನ್ ಒಂದು, ಮ್ಯಾಗ್ನೆಟ್ ಕಡ್ಡಿ ಒಂದು. ತುದಿ ಕಪ್ಪಾದ ಹಳೆ ಕಡ್ಡಿಯನ್ನು ಕಾಗದದ ಜೊತೆಗೇ ಕಟ್ಟಿ ಮ್ಯಾನೇಜರ್ ಮೇಜಿನ ಮೇಲೆ ಇಟ್ಟು ಬಂದೆ. ಎರಡೂ ಇನ್ನೂ ಬಂದಿಲ್ಲ. ಎಕ್ಸ್‌ಟೆನ್ಷನ್ ತುದಿಗೆ ಟೇಪ್ ಸುತ್ತಿದ್ದೇನೆ.